ಮುಂದಿನ ಫೋರ್ಕ್ ಬಿಚ್ಚಿ, ಅಳೆದು, ಅಪ್‌ಗ್ರೇಡ್ ಮಾಡುವ ಬಗೆ: ಮನೆಯಂಗಳದ ಸಮಗ್ರ ಮಾರ್ಗದರ್ಶಿ

ಬ್ರೇಕ್ ಹಿಡಿದ ಕೂಡಲೇ ಬೈಕಿನ ಮುಂಭಾಗ ಮುಗ್ಗರಿಸಿದ ಹಾಗೆ ಕೆಳಗೆ ಹೋಗುತ್ತದೆ. ಹಂಪ್ ಇಳಿಯುವಾಗ ‘ಟಕ್’ ಅಂತ ಲೋಹಕ್ಕೆ ಲೋಹ ಬಡಿದ ಸದ್ದು. ಅದೇ ಬೈಕು ಚೂಪು ಅಂಚಿನ ಸಣ್ಣ ಗುಂಡಿಗೆ ಬಿದ್ದರೆ ಮಾತ್ರ ಏಟು ನೇರವಾಗಿ ಕೈಗೆ ಬರುತ್ತದೆ. ಮುಂದಿನ ಚಕ್ರವನ್ನು ಎರಡು ಕಾಲುಗಳಲ್ಲಿ ಹಿಡಿದಿರುವ ಫೋರ್ಕು ಒಂದೇ, ಆದರೆ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಕಲ್ಲು. ಇದು ಹೇಗೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ.

ನನ್ನದು 150 ಸಿಸಿಯ ಸಾಧಾರಣ ಬೈಕು. ವಾರಕ್ಕೆ ಐದು ದಿನ ಮಂಡ್ಯದಿಂದ ಮೈಸೂರಿಗೆ ಹೋಗಿ ಬರುತ್ತೇನೆ. ಹೋಗುವಾಗ 45 ಕಿ.ಮೀ., ಬರುವಾಗ ಅಷ್ಟೇ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಹಾಗಾಗಿ ಸರ್ವಿಸ್ ರಸ್ತೆಯೇ ಗತಿ. ಊರಿಗೊಂದು ಹಂಪ್, ಕೆಲವು ಕಡೆ ಮೂರು. ಭಾನುವಾರ ಅತ್ತೆ ಮನೆಗೆ ಹೊರಟರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲಿನ ದಾರಿ. ಕಬ್ಬು ಕಡಿಯುವ ಕಾಲದಲ್ಲಿ ಲೋಡ್ ಟ್ರ್ಯಾಕ್ಟರ್ ಓಡಾಡಿ ಆ ದಾರಿ ಎರಡು ಸಾಲಾಗಿ ಕುಸಿದಿರುತ್ತದೆ.

ಮೊದಲು ಒಂದು ಗ್ಯಾರೇಜಿಗೆ ಕೊಟ್ಟೆ. ಸೀಲ್ ಬದಲಿಸಿ, ‘ಗಟ್ಟಿಯಾಗಲಿ’ ಅಂತ ದಪ್ಪ ಆಯಿಲ್ ತುಂಬಿ ಕೊಟ್ಟರು. ಮುಗ್ಗರಿಸುವುದು ಸ್ವಲ್ಪ ಕಡಿಮೆಯಾಯಿತು. ಆದರೆ ಎರಡು ವಾರದಲ್ಲಿ ಮಣಿಕಟ್ಟು ನೋವು ಶುರುವಾಯಿತು. ನಾಲೆ ರಸ್ತೆಯಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಕುಣಿಯತೊಡಗಿತು. ಆಗ ಗೊತ್ತಾಯಿತು, ಗಟ್ಟಿ ಮಾಡಿಬಿಟ್ಟರೆ ಕೆಲಸ ಮುಗಿಯಲಿಲ್ಲ ಅಂತ. ಟೈರು ನೆಲಕ್ಕೆ ಅಂಟಿಕೊಂಡು ಓಡಬೇಕು, ಅದಕ್ಕೇ ಸಸ್ಪೆನ್ಷನ್ ಇರುವುದು. ಅದು ಎಷ್ಟು ಇಳಿಯಬೇಕು, ಯಾವ ವೇಗದಲ್ಲಿ ಇಳಿಯಬೇಕು ಅನ್ನುವುದನ್ನು ಅಳೆದು ಹೊಂದಿಸಬೇಕು. ಆಮೇಲೆ ನಾನೇ ಬಿಚ್ಚಿದೆ. ಇಲ್ಲಿ ಬರೆದಿರುವುದು ಆ ಕೆಲಸದ ಪೂರ್ತಿ ಕ್ರಮ.

ಈ ಕ್ರಮ ಯಾವ ಬೈಕಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮೇಲೆ ತೆಳು ಕ್ರೋಮ್ ಪೈಪು, ಕೆಳಗೆ ದಪ್ಪ ಅಲ್ಯೂಮಿನಿಯಂ ಬಾಟಮ್ ಕೇಸ್ ಇರುವ ಸಾದಾ ಟೆಲಿಸ್ಕೋಪಿಕ್ ಫೋರ್ಕಿಗೆ ಇದು ಹೊಂದುತ್ತದೆ. ನಮ್ಮಲ್ಲಿ ಓಡುವ 100ರಿಂದ 200 ಸಿಸಿಯ ಬಹುಪಾಲು ಬೈಕುಗಳಲ್ಲಿ ಇದೇ ಇರುತ್ತದೆ. ಡ್ಯೂಕ್ 390, ಅಪಾಚೆ ಆರ್‌ಆರ್ 310 ಥರದ ತಲೆಕೆಳಗಾದ ಫೋರ್ಕಿನ ಒಳಗೆ ಬೇರೆಯೇ ಏರ್ಪಾಡು, ಬೇರೆಯೇ ಟೂಲು. ಅವುಗಳಿಗೆ ಇದನ್ನು ಅನುಸರಿಸಬೇಡಿ. ಹಳೇ ಬುಲೆಟ್‌ನಲ್ಲಿ ಹೆಡ್‌ಲೈಟಿನ ಮನೆಯೇ ಮೇಲಿನ ಹಿಡಿತವೂ ಆಗಿರುತ್ತದೆ, ಅದನ್ನು ಬಿಚ್ಚುವ ಕ್ರಮವೂ ಬೇರೆ.

ಒಳಗೆ ಏನಿದೆ

ಬಿಚ್ಚುವ ಮೊದಲು ಒಳಗಿನ ಕೆಲಸ ಅರ್ಥವಾಗಿದ್ದರೆ ಕೈ ನಡುಗುವುದಿಲ್ಲ. ಪೈಪಿನೊಳಗೆ ಉದ್ದನೆಯ ಸ್ಪ್ರಿಂಗ್ ಇದೆ. ಅದರ ಕೆಳಗೆ ಟೊಳ್ಳಾದ ಒಂದು ರಾಡು. ಪುಸ್ತಕದಲ್ಲಿ ಡ್ಯಾಂಪರ್ ರಾಡ್ ಅಂತಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸೀಟ್ ಪೈಪ್ ಅಂತ ಕೇಳಿದರೆ ಕೊಡುತ್ತಾರೆ. ಈ ರಾಡನ್ನು ಬಾಟಮ್ ಕೇಸಿನ ತಳದಿಂದ ಒಂದು ಆಲನ್ ಬೋಲ್ಟ್ ಹಿಡಿದಿರುತ್ತದೆ. ರಾಡಿನ ಮೈಮೇಲೆ ಸಣ್ಣ ಸಣ್ಣ ತೂತುಗಳಿವೆ. ಫೋರ್ಕ್ ಒತ್ತಿದಾಗ ಆಯಿಲ್ ಆ ತೂತುಗಳಲ್ಲೇ ನುಗ್ಗಬೇಕು. ಆ ತಡೆಯೇ ಡ್ಯಾಂಪಿಂಗ್.

ಬೈಕಿನ ಭಾರ ಹೊರುವುದು ಸ್ಪ್ರಿಂಗ್. ಅದು ಎಷ್ಟು ಬೇಗ ಇಳಿದು ಏಳಬೇಕು ಅನ್ನುವುದು ಆಯಿಲಿನ ಕೈಯಲ್ಲಿದೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ತೂತುಗಳಲ್ಲಿ. ಆಸ್ಪತ್ರೆಯ ಸಿರಿಂಜಿಗೆ ನೀರು ತುಂಬಿ ಮೆಲ್ಲಗೆ ಒತ್ತಿ ನೋಡಿ. ಸಲೀಸಾಗಿ ಹೋಗುತ್ತದೆ. ಜೋರಾಗಿ ಒತ್ತಿದರೆ ಕೈಗೆ ಎದುರು ನಿಲ್ಲುತ್ತದೆ. ಎಣ್ಣೆಯನ್ನು ಒಂದೇ ತೂತಿನಲ್ಲಿ ಎರಡು ಪಟ್ಟು ವೇಗವಾಗಿ ನುಗ್ಗಿಸಲು ಸುಮಾರು ನಾಲ್ಕು ಪಟ್ಟು ಒತ್ತಡ ಬೇಕು. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನವಾಗಿ ಇಳಿಯುತ್ತದೆ, ಆಗ ತಡೆ ಸಾಲುವುದಿಲ್ಲ, ಮುಗ್ಗರಿಸುತ್ತದೆ. ಚೂಪು ಗುಂಡಿಯಲ್ಲಿ ಚಕ್ರ ತಟ್ಟನೆ ಮೇಲೇಳುತ್ತದೆ, ಆಗ ತಡೆ ಅತಿಯಾಗಿ ಕೈಗೆ ಬಡಿಯುತ್ತದೆ. ದಪ್ಪ ಆಯಿಲ್ ಹಾಕಿದರೆ ಎರಡೂ ಕಡೆಯ ತಡೆ ಒಟ್ಟಿಗೆ ಹೆಚ್ಚುತ್ತದೆ. ನನ್ನ ಮಣಿಕಟ್ಟು ನೋವಿಗೆ ಇದೇ ಕಾರಣವಾಗಿತ್ತು.

ಬಿಚ್ಚುವ ಮೊದಲು ಅಳತೆ

ದಯವಿಟ್ಟು ಇದನ್ನು ಬಿಡಬೇಡಿ. ಮೊದಲು ಟೈರಿನ ಗಾಳಿ ಸರಿ ಮಾಡಿ. ಆಮೇಲೆ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿ. ಮಧ್ಯದಲ್ಲಿ ತೋಡಿಗೆ ಬಿದ್ದ ಹಾಗೆ ಸಿಕ್ಕಿಕೊಳ್ಳುತ್ತದಾ? ಬಾಟಮ್ ಕೇಸ್ ಹಿಡಿದು ಹಿಂದೆ ಮುಂದೆ ಎಳೆದರೆ ‘ಟಿಕ್ ಟಿಕ್’ ಅನ್ನುತ್ತದಾ? ಹಾಗಿದ್ದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿರಬಹುದು. ಅದನ್ನು ಫೋರ್ಕಿನ ದೋಷ ಅಂದುಕೊಂಡು ದುಡ್ಡು ಸುರಿದವರು ಜಾಸ್ತಿ.

ಈಗ ಸ್ಯಾಗ್ ಅಳೆಯೋಣ. ನೀವು ಕೂತಾಗ ಫೋರ್ಕ್ ಎಷ್ಟು ಇಳಿಯುತ್ತದೆ ಅನ್ನುವ ಅಳತೆ ಇದು. ಚಕ್ರ ಗಾಳಿಯಲ್ಲಿರುವಾಗ ಡಸ್ಟ್ ಸೀಲಿನಿಂದ (ಬಾಟಮ್ ಕೇಸಿನ ಬಾಯಲ್ಲಿರುವ ರಬ್ಬರ್) ಕೆಳಗಿನ ಟೀ (ಎರಡೂ ಪೈಪುಗಳನ್ನು ಒಟ್ಟಿಗೆ ಹಿಡಿಯುವ ಅಡ್ಡ ಹಿಡಿತ) ತನಕ ಕಾಣುವ ಕ್ರೋಮ್ ಪೈಪಿನ ಉದ್ದ ಅಳೆದು ಬರೆದುಕೊಳ್ಳಿ. ಆಮೇಲೆ ಬೈಕು ನೆಲಕ್ಕಿಳಿಸಿ, ಹೆಲ್ಮೆಟ್, ಬ್ಯಾಗ್ ಎಲ್ಲ ಹಾಕಿಕೊಂಡು ಮಾಮೂಲಿಯಾಗಿ ಕೂರಿ. ಒಬ್ಬರು ಹಿಂದೆ ಬೈಕು ಹಿಡಿಯಲಿ, ಇನ್ನೊಬ್ಬರು ಅಳೆಯಲಿ. ಸೀಲಿನ ಬಿಗಿತದಿಂದ ಫೋರ್ಕ್ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಒಮ್ಮೆ ಮುಂಭಾಗ ಒತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ. ಇನ್ನೊಮ್ಮೆ ಎತ್ತಿ ಮೆಲ್ಲಗೆ ಇಳಿಬಿಟ್ಟು ಅಳೆಯಿರಿ. ಎರಡರ ಸರಾಸರಿಯನ್ನು ಮೊದಲಿನ ಉದ್ದದಿಂದ ಕಳೆದರೆ ಸ್ಯಾಗ್ ಸಿಕ್ಕಿತು.

ರಸ್ತೆ ಬೈಕಿಗೆ ಸವಾರ ಕೂತಾಗ ಒಟ್ಟು ಟ್ರಾವೆಲ್‌ನ (ಫೋರ್ಕ್ ಪೂರ್ತಿ ಇಳಿಯಬಲ್ಲ ಉದ್ದದ) 25ರಿಂದ 30 ಶೇಕಡಾ ಸ್ಯಾಗ್ ಇದ್ದರೆ ಚೆನ್ನ. ನನ್ನ ಬೈಕಿನ ಟ್ರಾವೆಲ್ 130 ಮಿ.ಮೀ. ಅಂದರೆ 33ರಿಂದ 39 ಮಿ.ಮೀ. ಇರಬೇಕಿತ್ತು. ಬಂದದ್ದು 52. ಸುಮ್ನೆ ಕೂತರೇ ಶೇಕಡಾ 40 ಖಾಲಿ! ಉಳಿದ 78 ಮಿ.ಮೀ.ನಲ್ಲಿ ಬ್ರೇಕು, ಹಂಪು, ಗುಂಡಿ ಎಲ್ಲ ಆಗಬೇಕು. ‘ಟಕ್’ ಅನ್ನದೆ ಇನ್ನೇನು?

ಕೊನೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಪೈಪಿಗೆ ಕಟ್ಟಿ ಡಸ್ಟ್ ಸೀಲಿಗೆ ತಾಗಿಸಿ ಬಿಡಿ. ಮಾಮೂಲಿ ದಾರಿಯಲ್ಲಿ ಒಂದು ದಿನ ಓಡಿಸಿ. ಟೈ ಎಲ್ಲಿಯವರೆಗೆ ತಳ್ಳಿಸಿಕೊಂಡಿದೆಯೋ ಅಷ್ಟು ಟ್ರಾವೆಲ್ ಬಳಕೆಯಾಗಿದೆ ಅಂತ ಲೆಕ್ಕ.

ಬೇಕಾದ ಸಾಮಾನು

ನಿಮ್ಮ ಬೈಕಿನ ಸರ್ವಿಸ್ ಮ್ಯಾನುಯಲ್ ಮೊದಲ ಸಾಮಾನು. ಆಯಿಲ್ ಪ್ರಮಾಣ, ಆಯಿಲ್ ಮಟ್ಟ, ಬೋಲ್ಟುಗಳ ಟಾರ್ಕ್ (ಎಷ್ಟು ಬಿಗಿಯಬೇಕು ಅನ್ನುವ ಅಳತೆ) ಅದರಲ್ಲಿರುತ್ತದೆ. ಉಳಿದಂತೆ ಸಾಕೆಟ್ ಸೆಟ್, ಉದ್ದ ಹಿಡಿಯ ಆಲನ್ ಕೀ, ಸರ್ಕ್ಲಿಪ್ ತೆಗೆಯಲು ಸಣ್ಣ ಸ್ಕ್ರೂಡ್ರೈವರ್, ಟಾರ್ಕ್ ರೆಂಚ್, ಉಕ್ಕಿನ ಸ್ಕೇಲು, 50 ಮಿ.ಲೀ. ಸಿರಿಂಜ್, ಅದಕ್ಕೆ ತೆಳು ಪೈಪು, ಅಳತೆ ಗೆರೆಯಿರುವ ಜಾಡಿ, ಸೀಮೆಎಣ್ಣೆ ಅಥವಾ ಡೀಸೆಲ್, ನೂಲು ಬಿಡದ ಬಟ್ಟೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದು ದಿನಕ್ಕೆ ಯಾರಿಂದಲಾದರೂ ಕೇಳಿ ತನ್ನಿ. ಮುಂದಿನ ಚಕ್ರದ ಕೆಲಸದಲ್ಲಿ ಅಂದಾಜು ಬೇಡ.

ಹೊಸದಾಗಿ ಕೊಳ್ಳಬೇಕಾದ್ದು ಎರಡು ಆಯಿಲ್ ಸೀಲು, ಎರಡು ಡಸ್ಟ್ ಸೀಲು, ತಳದ ಬೋಲ್ಟಿಗೆ ಎರಡು ತಾಮ್ರದ ವಾಷರು, ಮೇಲಿನ ಕ್ಯಾಪಿಗೆ ಎರಡು ಓ ರಿಂಗು, ಫೋರ್ಕ್ ಆಯಿಲ್. ಸೀಲಿನ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಅಚ್ಚಾಗಿರುತ್ತದೆ. ಅಂಗಡಿಯಲ್ಲೇ ಓದಿ ನೋಡಿ ತನ್ನಿ. ಒಂದು ಕಡೆಯ ಸೀಲು ಮಾತ್ರ ಸೋರುತ್ತಿದ್ದರೂ ಎರಡೂ ಬದಲಿಸಿ.

ಹಳೆಯ ಫೋರ್ಕ್ ಬಿಚ್ಚಲು ನುರಿತ ಕೈ ಹುಡುಕುವುದು ಮೈಸೂರಿನಲ್ಲಿ ಕಷ್ಟವಲ್ಲ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಯೆಜ್ಡಿ ತಯಾರಾಗುತ್ತಿದ್ದವು. ಆ ಬೈಕುಗಳನ್ನು ಇಂದಿಗೂ ಓಡಿಸುವವರು ಊರಿನಲ್ಲಿದ್ದಾರೆ, ಅವನ್ನು ನೋಡಿಕೊಳ್ಳುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅಂಥ ಹಿರಿಯರೊಬ್ಬರ ಪಕ್ಕ ಅರ್ಧ ದಿನ ನಿಂತು ನೋಡಿದ್ದು ನನಗೆ ಎಷ್ಟೋ ವೀಡಿಯೊಗಳಿಗಿಂತ ಹೆಚ್ಚು ಕಲಿಸಿತು.

ಬೈಕಿನಿಂದ ಕಳಚುವುದು

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಮೇನ್ ಸ್ಟ್ಯಾಂಡ್ ಹಾಕಿ, ಇಂಜಿನ್ ತಳಕ್ಕೆ ಜಾಕ್ ಅಥವಾ ಗಟ್ಟಿ ಮರದ ದಿಮ್ಮಿ ಕೊಡಿ. ಸೈಲೆನ್ಸರ್ ಬೆಂಡ್ ಪೈಪಿನ ಮೇಲೆ ಭಾರ ಬೀಳಬಾರದು. ಅಲುಗಾಡಿಸಿ ನೋಡಿ, ಬೈಕು ಭದ್ರವಾಗಿದೆ ಅನ್ನಿಸಿದ ಮೇಲೆ ಮಾತ್ರ ಮುಂದುವರಿಯಿರಿ. ಮಕ್ಕಳು ಓಡಾಡುವ ಜಾಗ ಬೇಡ.

ಮೊದಲು ಡಿಸ್ಕ್ ಕ್ಯಾಲಿಪರ್ ಬಿಚ್ಚಿ. ಅದನ್ನು ಬ್ರೇಕ್ ಹೋಸಿನಿಂದ ನೇತಾಡಲು ಬಿಡಬೇಡಿ, ತಂತಿಯಿಂದ ಫ್ರೇಮಿಗೆ ಕಟ್ಟಿ. ಪ್ಯಾಡುಗಳ ನಡುವೆ ಒಂದು ಮರದ ಚೂರು ಇಡಿ. ಯಾರಾದರೂ ಬ್ರೇಕ್ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬರದಂತೆ ಅದು ಕಾಯುತ್ತದೆ. ಎಬಿಎಸ್ ಇದ್ದರೆ ಸೆನ್ಸರ್ ವೈರನ್ನು ಎಳೆಯದೆ ಮೆಲ್ಲಗೆ ಬಿಡಿಸಿ. ಆಮೇಲೆ ಆಕ್ಸಲ್, ಚಕ್ರ, ಮಡ್‌ಗಾರ್ಡ್. ಚಕ್ರದ ಎರಡೂ ಕಡೆ ಯಾವ ಸ್ಪೇಸರ್ ಎಲ್ಲಿತ್ತು ಅಂತ ಫೋಟೋ ತೆಗೆದುಕೊಳ್ಳಿ.

ಇಲ್ಲಿಂದ ಕ್ರಮ ಬಹಳ ಮುಖ್ಯ. ಪೈಪಿನ ತುದಿ ಮೇಲಿನ ಟೀಗಿಂತ ಎಷ್ಟು ಎತ್ತರ ಇದೆ ಅಂತ ಅಳೆದು ಬರೆಯಿರಿ. ಮೇಲಿನ ಟೀಯ ಪಿಂಚ್ ಬೋಲ್ಟ್ (ಪೈಪನ್ನು ಬಿಗಿಹಿಡಿಯುವ ಬೋಲ್ಟ್) ಸಡಿಲ ಮಾಡಿ, ಕೆಳಗಿನದು ಬಿಗಿಯಾಗಿಯೇ ಇರಲಿ. ಈಗ ಪೈಪಿನ ಕ್ಯಾಪನ್ನು ಅರ್ಧ ಸುತ್ತು ಮಾತ್ರ ಸಡಿಲ ಮಾಡಿ. ಫೋರ್ಕನ್ನು ಕೈಗೆ ತೆಗೆದುಕೊಂಡ ಮೇಲೆ ಈ ಕ್ಯಾಪ್ ಸಡಿಲಿಸಲು ಹೋದರೆ ಪೈಪು ಹಿಡಿಯಲು ಜಾಗವೇ ಇರುವುದಿಲ್ಲ. ವೈಸಿಗೆ ಸಿಕ್ಕಿಸಿ ಕ್ರೋಮ್ ಕೆರೆದುಕೊಳ್ಳಬೇಕಾಗುತ್ತದೆ.

ತಳದ ಆಲನ್ ಬೋಲ್ಟನ್ನೂ ಈಗಲೇ ಅಲ್ಲಾಡಿಸಿ. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಸ್ಪ್ರಿಂಗ್ ತೆಗೆದುಬಿಟ್ಟೆ, ಆಮೇಲೆ ಬೋಲ್ಟ್ ತಿರುಗಿಸಿದರೆ ಒಳಗಿನ ಡ್ಯಾಂಪರ್ ರಾಡೂ ಜೊತೆಗೆ ತಿರುಗುತ್ತಾ ಹೋಯಿತು. ಇಡೀ ಮಧ್ಯಾಹ್ನ ಹೋಯಿತು. ಸ್ಪ್ರಿಂಗ್ ಒಳಗಿರುವಾಗ ಅದರ ಒತ್ತಡ ರಾಡನ್ನು ಹಿಡಿದಿರುತ್ತದೆ. ಆದ್ದರಿಂದ ಒಬ್ಬರು ಬಾಟಮ್ ಕೇಸನ್ನು ಮೇಲಕ್ಕೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಆಲನ್ ಕೀಯನ್ನು ಒಂದೇ ಜರ್ಕಿನಲ್ಲಿ ತಿರುಗಿಸಲಿ. ಸಡಿಲವಾದರೆ ಸಾಕು, ಪೂರ್ತಿ ತೆಗೆಯಬೇಡಿ, ಆಯಿಲ್ ಸುರಿಯುತ್ತದೆ. ಆಲನ್ ಕೀ ಕೂರುವ ಗುಳಿಯಲ್ಲಿ ಮಣ್ಣು ತುಂಬಿದ್ದರೆ ಮೊಳೆಯಿಂದ ಕೆರೆದು ತೆಗೆದು ಆಮೇಲೆ ಕೀ ಹಾಕಿ. ಅರ್ಧ ಕೂತ ಕೀ ಬೋಲ್ಟಿನ ತಲೆ ಸವೆಸುತ್ತದೆ.

ಅಷ್ಟಾದರೂ ರಾಡು ತಿರುಗಿದರೆ ಪೊರಕೆ ಕೋಲಿನ ತುದಿಯನ್ನು ಚೂಪು ಮಾಡಿ, ಮೇಲಿನಿಂದ ಇಳಿಬಿಟ್ಟು ರಾಡಿನ ತಲೆಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಹಳ ಸಲ ಕೆಲಸ ಮಾಡುತ್ತದೆ.

ಈಗ ಕೆಳಗಿನ ಪಿಂಚ್ ಬೋಲ್ಟ್ ಸಡಿಲಿಸಿ, ಫೋರ್ಕನ್ನು ತಿರುಗಿಸುತ್ತಾ ಕೆಳಗೆ ಎಳೆಯಿರಿ. ಎಡ, ಬಲ ಗುರುತು ಹಾಕಿ. ಫೋರ್ಕಿನ ಒಂದು ಕಾಲು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಒಳ್ಳೆಯದು. ಅನುಮಾನ ಬಂದರೆ ಬಿಚ್ಚದ ಕಾಲು ನೋಡಲು ಇರುತ್ತದೆ.

ಫೋರ್ಕ್ ಬಿಚ್ಚುವುದು

ಕ್ಯಾಪಿನ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕಾಯುತ್ತಿದೆ ಅನ್ನುವುದು ನೆನಪಿರಲಿ. ಮುಖ ದೂರ ಇಡಿ. ಅಂಗೈ ಭಾರ ಹಾಕಿ ಒತ್ತಿಕೊಂಡೇ ಕೊನೆಯ ಥ್ರೆಡ್ ಎಳೆಗಳನ್ನು ಬಿಡಿಸಿ. ಕೆಲವು ಬೈಕುಗಳಲ್ಲಿ ಎಳೆಯಿರುವ ಕ್ಯಾಪಿನ ಬದಲು ಒತ್ತಿ ಕೂರಿಸಿದ ಬಿರಡೆ ಮತ್ತು ತಂತಿಯ ರಿಂಗ್ ಇರುತ್ತದೆ. ಅಲ್ಲಿ ಒಬ್ಬರು ಬಿರಡೆ ಒತ್ತಿ ಹಿಡಿದರೆ ಇನ್ನೊಬ್ಬರು ರಿಂಗ್ ತೆಗೆಯಬೇಕು. ಕನ್ನಡಕ ಹಾಕಿಕೊಳ್ಳಿ.

ಸ್ಪೇಸರ್, ವಾಷರ್, ಸ್ಪ್ರಿಂಗ್ ಹೊರಗೆ ಬಂದ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡಿ. ಸ್ಪ್ರಿಂಗಿನ ಒಂದು ತುದಿಯಲ್ಲಿ ಸುರುಳಿ ಒತ್ತಾಗಿದ್ದರೆ ಅದು ಮೇಲಿತ್ತೋ ಕೆಳಗಿತ್ತೋ ಬರೆದುಕೊಳ್ಳಿ. ಫೋರ್ಕನ್ನು ತಲೆಕೆಳಗು ಮಾಡಿ ಆಯಿಲ್ ಡಬ್ಬಿಗೆ ಬಗ್ಗಿಸಿ, ಮೇಲೆ ಕೆಳಗೆ ಆಡಿಸಿ ಪೂರ್ತಿ ಖಾಲಿ ಮಾಡಿ. ನನ್ನದರಲ್ಲಿ ಬೂದು ಬಣ್ಣದ, ಕೊಳೆತ ಮೀನಿನ ವಾಸನೆಯ ನೀರು ಬಂತು. ಆ ಬೂದು ಬಣ್ಣ ಬುಷ್ಷಿನ (ಪೈಪು ಜಾರಲು ಇರುವ ಉಂಗುರದಂಥ ತುಂಡು) ಮತ್ತು ಅಲ್ಯೂಮಿನಿಯಂನ ಸವೆತದ ಪುಡಿ.

ತಳದ ಬೋಲ್ಟ್ ತೆಗೆದು, ಪೈಪನ್ನು ತಲೆಕೆಳಗು ಮಾಡಿದರೆ ಡ್ಯಾಂಪರ್ ರಾಡ್ ಮತ್ತು ಅದರ ಸಣ್ಣ ರೀಬೌಂಡ್ ಸ್ಪ್ರಿಂಗ್ ಮೇಲಿನಿಂದ ಜಾರಿ ಬರುತ್ತದೆ. ಡಸ್ಟ್ ಸೀಲ್ ಎಬ್ಬಿಸಿ, ಅದರ ಕೆಳಗಿನ ತಂತಿ ಕ್ಲಿಪ್ ತೆಗೆಯಿರಿ. ಈ ಕ್ಲಿಪ್ ಮರೆತು ಎಳೆದರೆ ಬಾಟಮ್ ಕೇಸ್ ಹಾಳಾಗುತ್ತದೆ.

ಮುಂದೆ ಎರಡು ದಾರಿ. ಬುಷ್ ಇರುವ ಫೋರ್ಕ್ ಆದರೆ ಪೈಪನ್ನು ಒಳಕ್ಕೆ ತಳ್ಳಿ ಜೋರಾಗಿ ಹೊರಕ್ಕೆ ಎಳೆಯಿರಿ, ಹತ್ತಾರು ಸಲ. ಪೈಪಿನ ಬುಷ್ ಬಾಟಮ್ ಕೇಸಿನ ಬುಷ್ಷಿಗೆ ಬಡಿದು ಸೀಲನ್ನು ಹೊರಗೆ ದಬ್ಬುತ್ತದೆ. ಬುಷ್ ಇಲ್ಲದ ಫೋರ್ಕ್ ಆದರೆ ಪೈಪು ಸಲೀಸಾಗಿ ಕೈಗೆ ಬರುತ್ತದೆ, ಸೀಲು ಬಾಟಮ್ ಕೇಸಿನಲ್ಲೇ ಉಳಿಯುತ್ತದೆ. ಅಂಚಿಗೆ ಮರದ ಚೂರು, ಬಟ್ಟೆ ಇಟ್ಟು ಸೀಲ್ ಪುಲ್ಲರ್‌ನಿಂದ ಮೀಟಿ ತೆಗೆಯಿರಿ. ಸೀಲು ಕೂರುವ ಗೋಡೆಗೆ ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಬಾಟಮ್ ಕೇಸಿನ ತಳದಲ್ಲಿ ಒಂದು ಸಣ್ಣ ಕೊಳವೆಯಂಥ ಆಯಿಲ್ ಲಾಕ್ ತುಂಡು ಇರಬಹುದು. ಅದನ್ನು ಕಳೆದುಕೊಳ್ಳಬೇಡಿ.

ತೊಳೆದು ನೋಡುವುದು

ಎಲ್ಲವನ್ನೂ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿದರೆ ಬೆಂಡ್ ಕಣ್ಣಿಗೇ ಕಾಣುತ್ತದೆ. ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ ಇಟ್ಟು ನೋಡಿಸಿದರೆ ಇನ್ನೂ ಒಳ್ಳೆಯದು. ಹಲವು ಮ್ಯಾನುಯಲ್‌ಗಳಲ್ಲಿ 0.2 ಮಿ.ಮೀ. ಮಿತಿ ಇದೆ. ಸೀಲು ಓಡಾಡುವ ಜಾಗದಲ್ಲಿ ತುಕ್ಕಿನ ಗುಳಿ ಇದೆಯಾ ಅಂತ ಉಗುರು ಆಡಿಸಿ ನೋಡಿ. ಉಗುರಿಗೆ ಸಿಕ್ಕರೆ ಅದು ಸೀಲಿನ ತುಟಿಗೂ ಸಿಗುತ್ತದೆ. ಒಂದೆರಡು ಸಣ್ಣ ಗುಳಿ ಇದ್ದರೆ ಎಪಾಕ್ಸಿ ತುಂಬಿ, ಒಣಗಿದ ಮೇಲೆ 2000 ನಂಬರಿನ ನೀರು ಪೇಪರಿನಿಂದ ಉಜ್ಜಿ ನುಣುಪು ಮಾಡಬಹುದು. ಜಾಸ್ತಿ ಇದ್ದರೆ ಪೈಪ್ ಬದಲಿಸುವುದೇ ಸರಿ. ಬುಷ್ಷಿನ ಮೇಲಿನ ಬೂದು ಲೇಪ ಸವೆದು ಮುಕ್ಕಾಲು ಭಾಗ ತಾಮ್ರ ಕಾಣುತ್ತಿದ್ದರೆ ಅದನ್ನೂ ಬದಲಿಸಿ. ಎರಡೂ ಸ್ಪ್ರಿಂಗ್ ಪಕ್ಕದಲ್ಲಿಟ್ಟು ಉದ್ದ ಹೋಲಿಸಿ. ಮ್ಯಾನುಯಲ್ ಹೇಳುವ ಮಿತಿಗಿಂತ ಗಿಡ್ಡವಾಗಿದ್ದರೆ ಅವು ಸೋತಿವೆ.

ಯಾವ ಅಪ್‌ಗ್ರೇಡ್?

ಇಲ್ಲಿ ನಿಧಾನಿಸಿ. ಈಗ ಕೈಯಲ್ಲಿ ಸ್ಯಾಗ್ ಅಳತೆ ಇದೆ, ಒಳಗಿನ ಸ್ಥಿತಿ ಗೊತ್ತಿದೆ. ಅಗ್ಗದಿಂದ ದುಬಾರಿಯ ಕಡೆಗೆ ಒಂದೊಂದೇ ಹೆಜ್ಜೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಮೊದಲನೆಯದು ಶುಚಿಯಾದ ಸರಿಯಾದ ಆಯಿಲ್. ಡಬ್ಬಿಯ ಮೇಲೆ 10ಡಬ್ಲ್ಯು, 15ಡಬ್ಲ್ಯು ಅಂತ ಇರುತ್ತದೆ. ಅದನ್ನೇ ಪೂರ್ತಿ ನಂಬಬೇಡಿ. ಒಂದು ಕಂಪನಿಯ 10ಡಬ್ಲ್ಯು 40 ಡಿಗ್ರಿಯಲ್ಲಿ 30ರ ಆಸುಪಾಸು ಸೆಂಟಿಸ್ಟೋಕ್ ಇದ್ದರೆ, ಇನ್ನೊಂದರದು 45 ದಾಟುತ್ತದೆ. ಆಯಿಲ್ ಎಷ್ಟು ದಪ್ಪ ಅಂತ ಹೇಳುವುದು ಆ ಸೆಂಟಿಸ್ಟೋಕ್ ಸಂಖ್ಯೆ. ಕಂಪನಿಯ ಡೇಟಾ ಶೀಟಿನಲ್ಲಿ ಸಿಗುತ್ತದೆ. ಮ್ಯಾನುಯಲ್ ಹೇಳಿದ ಗ್ರೇಡಿನಿಂದ ಶುರು ಮಾಡಿ, ಬೇಕಾದರೆ ಒಂದೇ ಒಂದು ಮೆಟ್ಟಿಲು ಮೇಲೆ ಹೋಗಿ. ಇಂಜಿನ್ ಆಯಿಲ್ ತುಂಬುವ ಅಭ್ಯಾಸ ಬಿಟ್ಟುಬಿಡಿ.

ಎರಡನೆಯದು ಪ್ರಿಲೋಡ್ ಸ್ಪೇಸರ್. ಸ್ಪ್ರಿಂಗಿನ ಮೇಲಿಡುವ ಕೊಳವೆ ಇದು, ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಒತ್ತಿಡುತ್ತದೆ (ಅದೇ ಪ್ರಿಲೋಡ್). ಇದನ್ನು ಉದ್ದ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಾಗುವುದಿಲ್ಲ. ಸ್ಪ್ರಿಂಗ್ ಅದೇ, ಅದರ ಬಲವೂ ಅದೇ. ಬೈಕು ಎತ್ತರದಲ್ಲಿ ಕೂರುತ್ತದೆ, ಟ್ರಾವೆಲ್‌ನಲ್ಲಿ ಹೆಚ್ಚು ಭಾಗ ಉಳಿಯುತ್ತದೆ, ಅಷ್ಟೇ. ಲೆಕ್ಕ ಸುಲಭ: ಸ್ಪೇಸರ್ 15 ಮಿ.ಮೀ. ಉದ್ದವಾದರೆ ಸ್ಯಾಗ್ ಸುಮಾರು 15 ಮಿ.ಮೀ. ಕಡಿಮೆ. ನನ್ನ 52ಕ್ಕೆ ಅದು 37 ಆಗುತ್ತದೆ, ಶೇಕಡಾ 28. ದಪ್ಪ ಗೋಡೆಯ ಪಿವಿಸಿ ಪೈಪನ್ನು ನೇರವಾಗಿ ಕತ್ತರಿಸಿ, ಅಂಚು ಉಜ್ಜಿ, ಎರಡೂ ತುದಿಗೆ ಉಕ್ಕಿನ ವಾಷರ್ ಇಟ್ಟರೆ ಸ್ಪೇಸರ್ ಸಿದ್ಧ. ಒಂದು ಎಚ್ಚರಿಕೆ ಇದೆ. ಸ್ಪ್ರಿಂಗಿನ ಪೂರ್ತಿ ಉದ್ದದಿಂದ, ಸುರುಳಿಗಳೆಲ್ಲ ಒಂದಕ್ಕೊಂದು ತಾಗಿದಾಗಿನ ಉದ್ದ ಕಳೆಯಿರಿ. ಉಳಿದದ್ದು ಟ್ರಾವೆಲ್ ಮತ್ತು ಒಟ್ಟು ಪ್ರಿಲೋಡ್ ಕೂಡಿಸಿದ್ದಕ್ಕಿಂತ ಹೆಚ್ಚಿರಬೇಕು. ಇಲ್ಲದಿದ್ದರೆ ಆಯಿಲ್ ಕೆಲಸ ಮುಗಿಯುವ ಮೊದಲೇ ಸುರುಳಿಗಳು ಕಚ್ಚಿಕೊಳ್ಳುತ್ತವೆ.

ಮೂರನೆಯದು ಬೇರೆ ಸ್ಪ್ರಿಂಗ್. ನಿಮ್ಮ ತೂಕ ಜಾಸ್ತಿ, ಯಾವಾಗಲೂ ಹಿಂದೆ ಇನ್ನೊಬ್ಬರು, ಸ್ಪೇಸರ್ ಹಾಕಿ ಸ್ಯಾಗ್ ಸರಿಯಾದರೂ ತಳ ಬಡಿಯುತ್ತಿದೆ ಅಂದರೆ ಆಗ ಸ್ಪ್ರಿಂಗ್ ಬೇಕು. ಮೊದಲಿನಿಂದ ಕೊನೆಯವರೆಗೆ ಒಂದೇ ಬಲದ ಲೀನಿಯರ್ ಸ್ಪ್ರಿಂಗ್ ಒಂದು ಬಗೆ. ಮೊದಲು ಮೆತ್ತಗಿದ್ದು ಒತ್ತಿದಷ್ಟೂ ಗಟ್ಟಿಯಾಗುವ ಪ್ರೋಗ್ರೆಸಿವ್ ಇನ್ನೊಂದು. ಒಮ್ಮೆ ಒಬ್ಬರೇ, ಒಮ್ಮೆ ಇಬ್ಬರು, ಒಮ್ಮೆ ಅಕ್ಕಿ ಮೂಟೆ ಅಂತ ಭಾರ ಬದಲಾಗುತ್ತಿದ್ದರೆ ನನ್ನ ಮತ ಪ್ರೋಗ್ರೆಸಿವ್‌ಗೆ. ಇರುವ ಸ್ಪ್ರಿಂಗಿನ ಒಂದೆರಡು ಸುರುಳಿ ಕತ್ತರಿಸಿ ಗಟ್ಟಿ ಮಾಡುವವರಿದ್ದಾರೆ. ಸುರುಳಿ ಕಡಿಮೆಯಾದರೆ ಬಲ ಹೆಚ್ಚುವುದು ನಿಜ. ಆದರೆ ಕತ್ತರಿಸಿದ ತುದಿ ಚಪ್ಪಟೆಯಾಗಿ ಕೂರದಿದ್ದರೆ ಪೈಪಿನ ಒಳಗೋಡೆಯನ್ನು ಕೆರೆಯುತ್ತದೆ. ನಾನು ಮಾಡಲಿಲ್ಲ, ನೀವೂ ಮಾಡಬೇಡಿ.

ನಾಲ್ಕನೆಯದು ಎಮುಲೇಟರ್. ಡ್ಯಾಂಪರ್ ರಾಡಿನ ತಲೆಯ ಮೇಲೆ, ಸ್ಪ್ರಿಂಗಿನ ಕೆಳಗೆ ಕೂರುವ ಸಣ್ಣ ಕವಾಟ ಇದು. ನಿಧಾನ ಚಲನೆಗೆ ತಡೆ ಕೊಡುತ್ತದೆ, ಚೂಪು ಏಟು ಬಂದಾಗ ತೆರೆದುಕೊಂಡು ಆಯಿಲ್ ಬಿಡುತ್ತದೆ. ಮುಗ್ಗರಿಸುವುದು, ಕೈಗೆ ಬಡಿಯುವುದು ಎರಡಕ್ಕೂ ಒಟ್ಟಿಗೆ ಮದ್ದು ಇದೊಂದೇ. ಆದರೆ ಇದಕ್ಕೆ ರಾಡಿನ ಕೆಳಗಿನ ತೂತುಗಳನ್ನು ಡ್ರಿಲ್ ಮಾಡಿ ದೊಡ್ಡದು ಮಾಡಬೇಕು. ಸಾಮಾನ್ಯವಾಗಿ 8 ಮಿ.ಮೀ.ನ ಆರು ತೂತು ಬೇಕಾಗುತ್ತದೆ. ಆ ಮೇಲೆ ಹಿಂದಕ್ಕೆ ಬರಲಾಗುವುದಿಲ್ಲ. ಹಾಕುವುದಾದರೆ ಹಳೆ ರಾಡು ಎತ್ತಿಟ್ಟು, ಹೊಸ ರಾಡಿಗೆ ಡ್ರಿಲ್ ಮಾಡಿಸಿ. ಎಮುಲೇಟರ್ ಎಷ್ಟು ಎತ್ತರ ಇದೆಯೋ ಅಷ್ಟು ಸ್ಪೇಸರ್ ಗಿಡ್ಡ ಮಾಡಿ.

ನಾನು ಮ್ಯಾನುಯಲ್ ಗ್ರೇಡಿನ ಹೊಸ ಆಯಿಲ್ ಮತ್ತು 15 ಮಿ.ಮೀ. ಹೆಚ್ಚಿನ ಸ್ಪೇಸರ್ ಇಷ್ಟರಲ್ಲೇ ನಿಲ್ಲಿಸಿದೆ.

ಮತ್ತೆ ಜೋಡಿಸುವುದು

ರೀಬೌಂಡ್ ಸ್ಪ್ರಿಂಗ್ ಹಾಕಿದ ಡ್ಯಾಂಪರ್ ರಾಡನ್ನು ಪೈಪಿನೊಳಗೆ ಇಳಿಸಿ, ತುದಿಗೆ ಆಯಿಲ್ ಲಾಕ್ ತುಂಡು ಕೂರಿಸಿ, ಪೈಪನ್ನು ಬಾಟಮ್ ಕೇಸಿಗೆ ಇಳಿಸಿ. ಸ್ಪ್ರಿಂಗನ್ನು ತಾತ್ಕಾಲಿಕವಾಗಿ ಒಳಗಿಟ್ಟು ಒತ್ತಿ ಹಿಡಿದರೆ ತಳದ ಬೋಲ್ಟ್ ಬಿಗಿಯಲು ರಾಡು ತಿರುಗುವುದಿಲ್ಲ. ಹೊಸ ತಾಮ್ರದ ವಾಷರ್, ಎಳೆಗೆ ಒಂದು ಹನಿ ನೀಲಿ ಥ್ರೆಡ್‌ಲಾಕ್. ಈ 8 ಮಿ.ಮೀ. ಬೋಲ್ಟಿಗೆ ಹಲವು ಬೈಕುಗಳಲ್ಲಿ 20 ನ್ಯೂಟನ್ ಮೀಟರ್ ಆಸುಪಾಸು ಟಾರ್ಕ್ ಇರುತ್ತದೆ. ನಿಮ್ಮ ಮ್ಯಾನುಯಲ್ ನೋಡಿ.

ಪೈಪಿನ ಮೇಲಿನ ಅಂಚು ಚೂಪು. ಅದರ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಫೋರ್ಕ್ ಆಯಿಲ್ ಸವರಿ, ಬುಷ್, ವಾಷರ್, ಸೀಲು ಒಂದೊಂದಾಗಿ ಇಳಿಸಿ. ಸೀಲಿನಲ್ಲಿ ಸಣ್ಣ ಸ್ಪ್ರಿಂಗ್ ರಿಂಗ್ ಕಾಣುವ ಮುಖ ಆಯಿಲ್ ಕಡೆಗೆ, ಅಂದರೆ ಕೆಳಗೆ ಇರಬೇಕು. ಅಕ್ಷರ ಅಚ್ಚಾದ ಮುಖ ಸಾಮಾನ್ಯವಾಗಿ ಮೇಲಕ್ಕೆ. ಹೊಸ ಸೀಲಿನ ಮೇಲೆ ಹಳೆ ಸೀಲು ಇಟ್ಟು, ಅಳತೆಗೆ ಸರಿಯಾದ ಪಿವಿಸಿ ಪೈಪಿನಿಂದ ಸುತ್ತಲೂ ಸಮನಾಗಿ ತಟ್ಟಿ. ಕ್ಲಿಪ್ ಕೂರುವ ತೋಡು ಪೂರ್ತಿ ಕಾಣಿಸಿದಾಗ ಸೀಲು ತಳ ಸೇರಿದೆ. ಕ್ಲಿಪ್ ಹಾಕಿ, ಡಸ್ಟ್ ಸೀಲ್ ಒತ್ತಿ.

ಆಯಿಲ್ ತುಂಬುವುದನ್ನು ಅವಸರ ಮಾಡಬೇಡಿ. ಸ್ಪ್ರಿಂಗ್ ಹೊರಗಿರಲಿ. ಅಳತೆಯಷ್ಟು ಆಯಿಲ್ ಹಾಕಿ, ಪೈಪನ್ನು ನಿಧಾನಕ್ಕೆ ಹತ್ತು ಹದಿನೈದು ಸಲ ಆಡಿಸಿ. ಮೊದಲು ಪೊಳ್ಳಾಗಿ ಹೋಗುತ್ತದೆ, ಗಾಳಿ ಹೋದಂತೆ ಒಂದೇ ಸಮನೆ ತಡೆ ಸಿಗುತ್ತದೆ. ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ. ಆಮೇಲೆ ಪೈಪನ್ನು ಪೂರ್ತಿ ಕೆಳಗೆ ಒತ್ತಿ, ಪೈಪಿನ ಮೇಲಂಚಿನಿಂದ ಆಯಿಲ್ ಮೇಲ್ಮೈ ತನಕ ಅಳೆಯಿರಿ. ಸಿರಿಂಜಿನ ತೆಳು ಪೈಪಿಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿ, ಸ್ವಲ್ಪ ಜಾಸ್ತಿ ಆಯಿಲ್ ಹಾಕಿ, ಟೇಪು ಅಂಚಿಗೆ ತಾಗುವಂತೆ ಇಳಿಸಿ ಎಳೆಯಿರಿ. ಗಾಳಿ ಬರತೊಡಗಿದಾಗ ಮಟ್ಟ ಸರಿಯಾಯಿತು.

ಈ ಮಟ್ಟಕ್ಕೆ ಯಾಕೆ ಇಷ್ಟು ಮರ್ಯಾದೆ ಅಂದರೆ, ಆಯಿಲಿನ ಮೇಲೆ ಸಿಕ್ಕಿಕೊಂಡ ಗಾಳಿಯೂ ಒಂದು ಸ್ಪ್ರಿಂಗೇ. ಫೋರ್ಕ್ ಆಳಕ್ಕೆ ಹೋದಷ್ಟೂ ಅದು ಗಟ್ಟಿಯಾಗುತ್ತದೆ. ಪೈಪಿನ ಒಳವ್ಯಾಸ 30 ಮಿ.ಮೀ. ಆದರೆ 10 ಮಿ.ಮೀ. ಎತ್ತರಕ್ಕೆ ಸುಮಾರು 7 ಮಿ.ಲೀ. ಆಯಿಲ್ ಬೇಕು. ಇಷ್ಟರಿಂದಲೇ ಕೊನೆಯ ಹಂತದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ತಳ ಬಡಿಯುವುದನ್ನು ತಡೆಯಲು 5 ಮಿ.ಮೀ.ನ ಹೆಜ್ಜೆಯಲ್ಲಿ ಮಟ್ಟ ಏರಿಸಬಹುದು. ಅತಿಯಾದರೆ ಸೀಲು ಹೊರಗೆ ದಬ್ಬಿಕೊಳ್ಳುತ್ತದೆ. ಎಡ ಬಲ ಎರಡೂ ಒಂದೇ ಮಟ್ಟದಲ್ಲಿರಲಿ.

ಸ್ಪ್ರಿಂಗ್, ವಾಷರ್, ಸ್ಪೇಸರ್, ಕ್ಯಾಪ್. ಕ್ಯಾಪಿನ ಎಳೆ ಕೈಯಿಂದಲೇ ಹಿಡಿಸಿ. ಅಡ್ಡ ಎಳೆ ಬಿದ್ದರೆ ಪೈಪೇ ಹೋಯಿತು.

ಬೈಕಿಗೆ ಏರಿಸುವುದು ಮತ್ತು ಓಡಿಸಿ ನೋಡುವುದು

ಮೊದಲು ಬರೆದುಕೊಂಡ ಎತ್ತರಕ್ಕೇ ಪೈಪುಗಳನ್ನು ಕೂರಿಸಿ, ಕೆಳಗಿನ ಪಿಂಚ್ ಬೋಲ್ಟ್ ಬಿಗಿ ಮಾಡಿ, ಆಮೇಲೆ ಕ್ಯಾಪಿನ ಟಾರ್ಕ್, ಕೊನೆಗೆ ಮೇಲಿನ ಪಿಂಚ್. ಚಕ್ರ ಹಾಕಿ ಆಕ್ಸಲ್ ನಟ್ ಬಿಗಿಯಿರಿ. ಬೈಕು ನೆಲಕ್ಕಿಳಿಸಿ ಫೋರ್ಕನ್ನು ನಾಲ್ಕೈದು ಸಲ ಒತ್ತಿ ಬಿಟ್ಟ ಮೇಲೆ ಆಕ್ಸಲ್ ಪಿಂಚ್ ಬೋಲ್ಟ್ ಇದ್ದರೆ ಅದನ್ನು ಬಿಗಿಯಿರಿ. ಆಗ ಎರಡು ಕಾಲೂ ಒಂದಕ್ಕೊಂದು ನೇರವಾಗಿ ಕೂರುತ್ತವೆ. ಕ್ಯಾಲಿಪರ್ ಹಾಕಿದ ಮೇಲೆ ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಪಂಪ್ ಮಾಡಿ. ಇದನ್ನು ಮರೆತು ಹೊರಟರೆ ಮೊದಲ ತಿರುವಿನಲ್ಲೇ ಬ್ರೇಕ್ ಸಿಗುವುದಿಲ್ಲ.

ಹಳೆ ಆಯಿಲ್ ಡಬ್ಬಿಗೆ ಮುಚ್ಚಳ ಹಾಕಿ, ಹಳೆ ಇಂಜಿನ್ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ. ಚರಂಡಿಗಾಗಲಿ ನಾಲೆಗಾಗಲಿ ಸುರಿಯಬೇಡಿ. ಆ ನೀರೇ ನಮ್ಮ ಗದ್ದೆಗೆ ಹೋಗುವುದು, ಅಲ್ವಾ?

ಸ್ಯಾಗ್ ಮತ್ತೆ ಅಳೆಯಿರಿ. ನನಗೆ 38 ಬಂತು, ಲೆಕ್ಕಕ್ಕಿಂತ 1 ಮಿ.ಮೀ. ಹೆಚ್ಚು. ಮೊದಲ ಓಟ ಮನೆ ಹತ್ತಿರವೇ ಇರಲಿ, ಖಾಲಿ ರಸ್ತೆಯಲ್ಲಿ, ನಿಧಾನವಾಗಿ. ಬ್ರೇಕ್ ಸರಿಯಾಗಿದೆ, ಎಲ್ಲೂ ಸೋರುತ್ತಿಲ್ಲ ಅಂತ ಖಚಿತವಾದ ಮೇಲೆ ನಾನು ಚಾಮುಂಡಿ ಬೆಟ್ಟದ ರಸ್ತೆಗೆ ಹೋದೆ, ಬೆಳಗ್ಗೆ ಬೇಗ, ಜನ ಕಡಿಮೆ ಇರುವಾಗ. ಇಳಿಜಾರಿನ ತಿರುವಿಗೆ ಮೊದಲು ಬ್ರೇಕ್ ಹಿಡಿದರೆ ಮುಂಭಾಗ ಇಳಿದು, ನಿಂತು, ತಿರುವಿನಲ್ಲಿ ಹಾಗೇ ಉಳಿಯಿತು. ಮೊದಲು ಅಲ್ಲೇ ತೇಲಿದಂತಾಗುತ್ತಿತ್ತು. ಮಧ್ಯಾಹ್ನ ನಾಲೆ ಏರಿ ಮೇಲೆ ಟ್ರ್ಯಾಕ್ಟರ್ ಸಾಲಿನಲ್ಲಿ ಓಡಿಸಿದೆ. ಚಕ್ರ ಕುಣಿಯಲಿಲ್ಲ. ಚೂಪು ಗುಂಡಿಯ ಏಟು ಪೂರ್ತಿ ಹೋಗಿಲ್ಲ, ಎಮುಲೇಟರ್ ಇಲ್ಲದೆ ಅದು ಹೋಗುವುದೂ ಇಲ್ಲ. ಆದರೆ ದಪ್ಪ ಆಯಿಲ್ ಇದ್ದಾಗಿನ ನೋವು ಈಗ ಇಲ್ಲ.

ಕೇಬಲ್ ಟೈ ಒಂದು ವಾರ ಹಾಗೇ ಇರಲಿ. ದಿನಾ ಸಂಜೆ ನೋಡಿ, ಮತ್ತೆ ಸೀಲಿಗೆ ತಳ್ಳಿ. ಟೈ ದಿನಾ ಕೊನೆ ಮುಟ್ಟುತ್ತಿದ್ದರೆ ಆಯಿಲ್ ಮಟ್ಟ 5 ಮಿ.ಮೀ. ಏರಿಸಿ. ಅರ್ಧದಲ್ಲೇ ನಿಲ್ಲುತ್ತಿದ್ದರೆ ಫೋರ್ಕ್ ಅತಿ ಗಟ್ಟಿಯಾಗಿದೆ, ಸ್ಪೇಸರ್ ಅಥವಾ ಆಯಿಲ್ ಗ್ರೇಡ್ ಒಂದು ಹೆಜ್ಜೆ ಇಳಿಸಿ. ದೊಡ್ಡ ಹಂಪಿನಲ್ಲಿ ಮಾತ್ರ ಕೊನೆಯ 10 ಮಿ.ಮೀ. ಹತ್ತಿರ ಬಂದು ನಿಲ್ಲುತ್ತಿದ್ದರೆ ಮುಟ್ಟಬೇಡಿ. 500 ಕಿ.ಮೀ. ಓಡಿದ ಮೇಲೆ ಪಿಂಚ್ ಬೋಲ್ಟು, ಕ್ಯಾಲಿಪರ್ ಬೋಲ್ಟುಗಳ ಟಾರ್ಕ್ ಒಮ್ಮೆ ನೋಡಿ, ಸೀಲಿನ ಸುತ್ತ ಬಿಳಿ ಬಟ್ಟೆ ಒರೆಸಿ ಎಣ್ಣೆಯ ಗುರುತು ಇದೆಯಾ ನೋಡಿ.